ಸತ್ತ ಉಪಗ್ರಹದ ವಾರಸುದಾರರು

ಬಾಹ್ಯಾಕಾಶ ಓದುತ್ತೇನೆ ಎಂದರೆ ‘ರಾಕೆಟ್ ಮಾಡ್ತೀಯಾ?’ ಎಂದು ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ. 850 ಕಿ.ಮೀ. ಎತ್ತರದಲ್ಲಿ ಕೆಟ್ಟು ಸುತ್ತುತ್ತಿರುವ ಬೇರೆ ದೇಶದ ಉಪಗ್ರಹವನ್ನು ನಾವು ಹೋಗಿ ಗುಡಿಸಿಹಾಕಬಹುದೇ?

ಕೂಡದು. 1967ರ ಬಾಹ್ಯಾಕಾಶ ಒಪ್ಪಂದದ 8ನೇ ವಿಧಿಯ ಪ್ರಕಾರ ಅದರ ಮೇಲಿನ ಅಧಿಕಾರ ನೋಂದಾಯಿಸಿದ ದೇಶದ್ದೇ. ಕೆಟ್ಟರೂ ಒಡೆತನ ಅಳಿಯದು. ಸಮುದ್ರದಲ್ಲಾದರೆ ಅಪಾಯಕ್ಕೆ ಸಿಕ್ಕ ಹಡಗನ್ನು ಉಳಿಸಿದವರು ಸಂಭಾವನೆ ಕೇಳಬಹುದು. ಕಕ್ಷೆಯಲ್ಲಿ ಅಂಥ ಪದ್ಧತಿ ಇಲ್ಲ.

ತಾನಾಗಿ ಬೀಳಲಿ ಎಂದು ಕಾಯೋಣವೇ? ಅದು ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅವಲಂಬಿಸಿದೆ. ಭಾರತ 2019ರ ಮಾರ್ಚ್ 27ರಂದು ತನ್ನದೇ ಉಪಗ್ರಹವನ್ನು ಸುಮಾರು 300 ಕಿ.ಮೀ. ಎತ್ತರದಲ್ಲಿ ಒಡೆಯಿತು, ಹೆಚ್ಚಿನ ಚೂರುಗಳು ಕೆಲವೇ ತಿಂಗಳಲ್ಲಿ ಉರಿದುಹೋದವು. ಚೀನಾ 2007ರಲ್ಲಿ ಸುಮಾರು 860 ಕಿ.ಮೀ. ಮೇಲೆ ಒಡೆದದ್ದರಿಂದ 3,000ಕ್ಕೂ ಹೆಚ್ಚು ಗುರುತಿಸಬಲ್ಲ ಚೂರುಗಳಾದವು. ಅವುಗಳಲ್ಲಿ ಬಹಳಷ್ಟು ಇನ್ನೂ ಅಲ್ಲೇ ಇವೆ. ಮೇಲೆ ಹೋದಂತೆ ಗಾಳಿ ತೀರಾ ತೆಳುವಾಗುತ್ತದೆ, ತಡೆಯುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಇಲ್ಲೊಂದು ಸೋಜಿಗವೂ ಇದೆ: ಗಾಳಿ ತಡೆದಾಗ ಚೂರಿನ ವೇಗ ಕಡಿಮೆಯಾಗದೆ ಹೆಚ್ಚಾಗುತ್ತದೆ! ಕೆಳಗಿಳಿಯುವಾಗ ಕಳೆದುಕೊಳ್ಳುವ ಸ್ಥಿತಿಜ ಶಕ್ತಿಯಲ್ಲಿ (ಎತ್ತರದಲ್ಲಿರುವುದರಿಂದ ಬಂದ ಶಕ್ತಿ) ಸರಿಸುಮಾರು ಅರ್ಧವನ್ನಷ್ಟೇ ಗಾಳಿ ತಿನ್ನುತ್ತದೆ, ಉಳಿದರ್ಧ ಓಟಕ್ಕೆ ಸೇರುತ್ತದೆ. ಈ ಚೂರುಗಳ ಹೊಡೆತವೂ ಸಣ್ಣದಲ್ಲ: ಸೆಕೆಂಡಿಗೆ 10 ಕಿ.ಮೀ. ವೇಗದಲ್ಲಿ ಒಂದು ಕಿಲೋ ತೂಕದ ಚೂರು ಬಡಿದರೆ ಅದರ ಶಕ್ತಿ ಸುಮಾರು 12 ಕಿಲೋ ಟಿಎನ್‌ಟಿ ಸ್ಫೋಟಕಕ್ಕೆ ಸಮ.

ಸರಿ, ಒಡೆಯರ ಅನುಮತಿ ಪಡೆದು ಹಿಡಿಯೋಣ ಎಂದರೆ ಸೇನೆಯವರು ಎದ್ದು ನಿಲ್ಲುತ್ತಾರೆ. ಸತ್ತ ಉಪಗ್ರಹವನ್ನು ಹಿಡಿಯಬಲ್ಲ ಯಂತ್ರದ ತೋಳು ಬದುಕಿರುವುದನ್ನೂ ಹಿಡಿಯಬಲ್ಲದು. 2022ರ ಜನವರಿಯಲ್ಲಿ ಚೀನಾದ ಶಿಜಿಯಾನ್-21 ನೌಕೆ, ತನ್ನದೇ ದೇಶದ ಕೆಟ್ಟ ಬೈಡೋ ಉಪಗ್ರಹವೊಂದನ್ನು (ಬೈಡೋ ಎಂದರೆ ಜಿಪಿಎಸ್‌ನಂಥ ದಾರಿ ತೋರಿಸುವ ವ್ಯವಸ್ಥೆ) ಭೂಸ್ಥಿರ ಕಕ್ಷೆಯಿಂದ, ಅಂದರೆ ಭೂಮಿಯ ಜೊತೆಜೊತೆಗೇ ಸುತ್ತುವ ಕಕ್ಷೆಯಿಂದ, ಮೇಲಕ್ಕೆ ಎಳೆದೊಯ್ದಿತು. ನಿಜವಾಗಿ ಒಳ್ಳೆಯ ಕೆಲಸ. ಮೆಚ್ಚಿದವರಿಗಿಂತ ಬೆಚ್ಚಿದವರೇ ಹೆಚ್ಚು! 2024ರಲ್ಲಿ ಜಪಾನಿನ ಕಂಪನಿಯೊಂದರ ನೌಕೆ ಹಳೆಯ ರಾಕೆಟ್ ಹಂತವೊಂದರ ತೀರಾ ಹತ್ತಿರ ಹೋಗಿ ಫೋಟೋ ತೆಗೆಯಿತು. ಅದೂ ಜಪಾನಿನದೇ ರಾಕೆಟ್. ಯಾರೂ ಪರರ ಕಸದ ಗೊಡವೆಗೆ ಹೋಗಿಲ್ಲ ನೋಡಿ.

ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯ 1951ರಲ್ಲಿ, ಸ್ಪುಟ್ನಿಕ್‌ಗೂ ಆರು ವರ್ಷ ಮೊದಲು, ವಿಮಾನಯಾನದ ಕಾನೂನಿಗೆಂದು ತೆರೆದ ಸಂಸ್ಥೆ ಆಮೇಲೆ ಬಾಹ್ಯಾಕಾಶವನ್ನೂ ಸೇರಿಸಿಕೊಂಡಿತು. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದಲ್ಲೂ ಬಾಹ್ಯಾಕಾಶ ಕಾನೂನನ್ನು ಕಲಿಸುತ್ತಾರೆ. ನನ್ನ ತಕರಾರು ಒಂದೇ: ಕಾನೂನು ಒಂದು ಕಟ್ಟಡದಲ್ಲಿ, ಭೌತವಿಜ್ಞಾನ ಇನ್ನೊಂದರಲ್ಲಿ ಕುಳಿತರೆ ಈ ವಿಷಯ ಯಾರಿಗೂ ದಕ್ಕದು. ಹಿಡಿಯುವಾಗ ಉಪಗ್ರಹ ಒಡೆದು, ಚೂರು ಮೂರನೆಯ ದೇಶದ ಉಪಗ್ರಹಕ್ಕೆ ಬಡಿಯಿತು ಅನ್ನಿ. ಪರಿಹಾರ ಸಿಗಬೇಕಾದರೆ ತಪ್ಪು ಸಾಬೀತಾಗಬೇಕು ಎನ್ನುತ್ತದೆ ಬಾಹ್ಯಾಕಾಶ ವಸ್ತುಗಳಿಂದಾಗುವ ಹಾನಿಯ ಹೊಣೆ ಕುರಿತ 1972ರ ಒಪ್ಪಂದ. ಆ ಚೂರು ಯಾರದೆಂದು ತೋರಿಸಲು ವಕೀಲರಿಗೆ ಕಕ್ಷೆಯ ಲೆಕ್ಕ ಬರಬೇಕು.