ಅಕ್ಷರದ ಗಾತ್ರಕ್ಕೆ ಪಿಕ್ಸೆಲ್ ಹಾಕಲೋ, ರೆಮ್ ಹಾಕಲೋ?

ಪ್ರಶ್ನೆ: ವೆಬ್ ಪುಟ ಮಾಡುವುದನ್ನು ಈಗಷ್ಟೇ ಕಲಿಯುತ್ತಿದ್ದೇನೆ. ಅಕ್ಷರದ ಗಾತ್ರ ಹೇಳಲು, ಪುಟದ ನೋಟವನ್ನು ತೀರ್ಮಾನಿಸುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಪಿಕ್ಸೆಲ್, ಎಮ್, ರೆಮ್, ವಿಡಬ್ಲ್ಯು ಅಂತ ಏನೇನೋ ಅಳತೆಗಳಿವೆ. ನಾನು ಪಿಕ್ಸೆಲ್ ಹಾಕಿದ್ದೇನೆ, ಚೆನ್ನಾಗೇ ಕಾಣುತ್ತಿದೆ. ಅಕ್ಷರ ಚಿಕ್ಕದಾಯಿತು ಅನ್ನಿಸಿದವರು ಜೂಮ್ ಮಾಡಿಕೊಳ್ಳಬಹುದಲ್ಲ? ರೆಮ್ ಯಾಕೆ ಬೇಕು?

ಉತ್ತರ: ಅಕ್ಷರಕ್ಕೆ ರೆಮ್ ಬಳಸಿ. ಯಾಕೆಂದರೆ ತನಗೆ ಎಷ್ಟು ದೊಡ್ಡ ಅಕ್ಷರ ಬೇಕು ಅಂತ ಓದುಗರು ನಿಮ್ಮ ಪುಟಕ್ಕೆ ಬರುವ ಮೊದಲೇ ಹೇಳಿರಬಹುದು.

ಬಹುತೇಕ ಬ್ರೌಸರ್‌ಗಳಲ್ಲಿ ಅಕ್ಷರದ ಮೂಲ ಗಾತ್ರ 16 ಪಿಕ್ಸೆಲ್. ಇದನ್ನು ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಿಕೊಳ್ಳಬಹುದು. ಕಣ್ಣು ಮಂಜಾದವರು 20 ಅಥವಾ 24 ಇಟ್ಟುಕೊಂಡಿರುತ್ತಾರೆ. ನೀವು 16 ಪಿಕ್ಸೆಲ್ ಅಂತ ಬರೆದರೆ ಅವರ ಆಯ್ಕೆ ನಿಮ್ಮ ಪುಟದಲ್ಲಿ ನಡೆಯುವುದೇ ಇಲ್ಲ. 1 ರೆಮ್ ಅಂದರೆ ಪುಟದ ಬೇರು, ಅಂದರೆ ಉಳಿದೆಲ್ಲವನ್ನೂ ಒಳಗೊಂಡ ಎಚ್‌ಟಿಎಂಎಲ್ ಅಂಶಕ್ಕೆ ಇರುವ ಗಾತ್ರ. 16 ಇಟ್ಟವರಿಗೆ 16, 24 ಇಟ್ಟವರಿಗೆ 24.

ಜೂಮ್ ಇದೆ, ನಿಜ. ಅದು ಪಿಕ್ಸೆಲ್ ಅಕ್ಷರವನ್ನೂ ಹಿಗ್ಗಿಸುತ್ತದೆ. ಆದರೆ ಚಿತ್ರ, ಖಾಲಿ ಜಾಗ ಎಲ್ಲವೂ ಜೊತೆಗೇ ಹಿಗ್ಗುತ್ತವೆ. ಬ್ರೌಸರ್‌ಗೆ ಒಮ್ಮೆ ಹೇಳಿದ್ದನ್ನು ಪ್ರತಿ ಸೈಟಿನಲ್ಲೂ ಮತ್ತೆ ಮತ್ತೆ ಹೇಳಿಸುವುದು ನ್ಯಾಯವಲ್ಲ, ಅಲ್ವಾ?

ಒಂದು ಕಡೆ ಮಾತ್ರ ಹುಷಾರಾಗಿರಿ. ಪುಟದ ತುಂಬ ರೆಮ್ ಬರೆದು, ಬೇರಿನ ಗಾತ್ರವನ್ನು 16 ಪಿಕ್ಸೆಲ್ ಅಂತ ಕಟ್ಟಿಹಾಕುವವರು ಬಹಳ ಜನ. ಆಗ ರೆಮ್‌ನ ಪ್ರಯೋಜನವೆಲ್ಲ ಹೋಯಿತು. ಲೆಕ್ಕ ಸುಲಭವಾಗಲಿ ಅಂತ ಬೇರಿಗೆ ಶೇ. 62.5 ಕೊಟ್ಟು, 1 ರೆಮ್‌ಗೆ 10 ಪಿಕ್ಸೆಲ್ ಬರುವ ಹಾಗೆ ಮಾಡುವುದೂ ಉಂಟು. ಅದು ಶೇಕಡಾದಲ್ಲಿ ಇರುವುದರಿಂದ ಓದುಗರ ಆಯ್ಕೆ ಉಳಿಯುತ್ತದೆ. ಆದರೆ ಬೇರೆಯವರು ಬರೆದ ಕೋಡ್ ತಂದು ಸೇರಿಸಿದಾಗ ಅದರ ಅಕ್ಷರಗಳು ಕುಗ್ಗಿಬಿಡಬಹುದು. ನನ್ನನ್ನು ಕೇಳಿದರೆ ಬೇರನ್ನು ಸುಮ್ನೆ ಬಿಟ್ಟುಬಿಡಿ.

ಎಮ್ ಕೂಡ ಓದುಗರ ಗಾತ್ರವನ್ನೇ ಹಿಂಬಾಲಿಸುತ್ತದೆ. ಆದರೆ ಅಕ್ಷರದ ಗಾತ್ರಕ್ಕೆ ಬಳಸಿದಾಗ ಅದು ತನ್ನನ್ನು ಒಳಗೊಂಡ ಹೊರಗಿನ ಅಂಶದ ಅಕ್ಷರದ ಗಾತ್ರದ ಮೇಲೆ ಲೆಕ್ಕ ಹಾಕುತ್ತದೆ. ಪಟ್ಟಿಗೆ 0.9 ಎಮ್ ಕೊಟ್ಟಿದ್ದೀರಿ ಅನ್ನಿ. ಅದರೊಳಗೆ ಪಟ್ಟಿ, ಮತ್ತೆ ಒಳಗೊಂದು ಪಟ್ಟಿ ಬಂದರೆ ಮೂರನೆಯದು ಮೂಲ ಗಾತ್ರದ ಸುಮಾರು 0.73 ಪಾಲಿಗೆ ಇಳಿದಿರುತ್ತದೆ. ಬಟನ್‌ನ ಒಳಗಿನ ಅಂಚಿಗೆ ಮಾತ್ರ ಎಮ್ ಬಹಳ ಚೆನ್ನ. ಅಕ್ಷರ ಬೆಳೆದ ಹಾಗೆ ಅಂಚೂ ಬೆಳೆಯುತ್ತದೆ.

ವಿಡಬ್ಲ್ಯು ಒಂದನ್ನೇ ಅಕ್ಷರಕ್ಕೆ ಎಂದೂ ಹಾಕಬೇಡಿ. ಅದು ಕಿಟಕಿಯ ಅಗಲಕ್ಕೆ ಅಂಟಿಕೊಂಡಿರುತ್ತದೆ. ಕಂಪ್ಯೂಟರಿನಲ್ಲಿ ಎಷ್ಟು ಜೂಮ್ ಮಾಡಿದರೂ ಅಕ್ಷರ ಕದಲುವುದಿಲ್ಲ. ವೆಬ್ ಎಲ್ಲರಿಗೂ ಬಳಸಲು ಬರಬೇಕು ಎಂದು ಡಬ್ಲ್ಯುಸಿಎಜಿ ಎಂಬ ಮಾರ್ಗಸೂಚಿ ಇದೆ. ಪಠ್ಯವನ್ನು ಶೇ. 200ರವರೆಗೆ ಹಿಗ್ಗಿಸಿದರೂ ಪುಟ ಕೆಡಬಾರದು ಅನ್ನುವುದು ಅದರ ಒಂದು ನಿಯಮ. ಬರೀ ವಿಡಬ್ಲ್ಯುನಲ್ಲಿ ಬರೆದ ಪುಟ ಅಲ್ಲೇ ಎಡವುತ್ತದೆ. ಪರದೆಗೆ ತಕ್ಕಂತೆ ಬೆಳೆಯುವ ತಲೆಬರಹವೇ ಬೇಕಾದರೆ ಕ್ಲ್ಯಾಂಪ್ (ಗಾತ್ರಕ್ಕೆ ಕನಿಷ್ಠ, ಗರಿಷ್ಠ ಮಿತಿ ಹಾಕುವ ಸಿಎಸ್‌ಎಸ್ ಸೂತ್ರ) ಬಳಸಿ, 1 ರೆಮ್ ಜೊತೆ 2 ವಿಡಬ್ಲ್ಯು ಕೂಡಿಸಿ, ಎರಡೂ ಮಿತಿಗಳನ್ನು ರೆಮ್‌ನಲ್ಲೇ ಕೊಡಿ. ಆಮೇಲೆ ಜೂಮ್ ಮಾಡಿ ಪರೀಕ್ಷಿಸಿ.

ಪಾಯಿಂಟ್ ಎಂಬ ಅಳತೆ ಪ್ರಿಂಟಿಗೆ ಇರಲಿ. ತೆಳು ಗೆರೆಗಳಿಗೆ ಪಿಕ್ಸೆಲ್ ಸಾಕು.

ಗಾತ್ರದಷ್ಟೇ ಮುಖ್ಯವಾದದ್ದು ಸಾಲಿನ ಎತ್ತರ. ಅದಕ್ಕೆ ಅಳತೆಯ ಹೆಸರೇ ಬೇಡ, 1.5 ಅಂತ ಬರೀ ಸಂಖ್ಯೆ ಕೊಡಿ. ಪಿಕ್ಸೆಲ್ ಕೊಟ್ಟರೆ ಅಕ್ಷರ ದೊಡ್ಡದಾದಾಗ ಸಾಲುಗಳು ಒಂದರ ಮೇಲೊಂದು ಬೀಳುತ್ತವೆ. ಕನ್ನಡದ ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ನಮಗೆ ಇನ್ನೂ ಸ್ವಲ್ಪ ಜಾಸ್ತಿಯೇ ಬೇಕಾಗುತ್ತದೆ. ಪಠ್ಯ ಇರುವ ಪೆಟ್ಟಿಗೆಗೂ ಎತ್ತರ ಕಟ್ಟಿಹಾಕಬೇಡಿ, ಕನಿಷ್ಠ ಎತ್ತರ ಕೊಟ್ಟರೆ ಸಾಕು.

ಈಗ ನಿಮ್ಮ ಪುಟವನ್ನೇ ಪರೀಕ್ಷಿಸಿ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಅಪಿಯರೆನ್ಸ್‌ಗೆ ಹೋಗಿ ಫಾಂಟ್ ಸೈಜನ್ನು ವೆರಿ ಲಾರ್ಜ್ ಮಾಡಿ, ಪುಟವನ್ನು ಮತ್ತೆ ನೋಡಿ. ಯಾವ ಅಕ್ಷರ ದೊಡ್ಡದಾಗಲಿಲ್ಲವೋ ಅಲ್ಲೆಲ್ಲೋ ಒಂದು ಪಿಕ್ಸೆಲ್ ಅಥವಾ ಬರೀ ವಿಡಬ್ಲ್ಯು ಉಳಿದಿರಬಹುದು. ಮೊದಲು ಅದನ್ನು ಹುಡುಕಿ ತೆಗೆಯಿರಿ.