ಚೆಕ್‌ವೇಮನ್: ಗಣಿ ಕಾರ್ಮಿಕರೇ ಆರಿಸಿದ ತೂಕದ ಕಾವಲುಗಾರ

19ನೇ ಶತಮಾನದ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಚರಿತ್ರೆ ಓದುವವರಿಗೆ ‘ಚೆಕ್‌ವೇಮನ್’ ಎಂಬ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಗಣಿಯ ಬಾಯಲ್ಲಿ ಮಾಲೀಕನ ತೂಕದ ಗುಮಾಸ್ತನ ಪಕ್ಕದಲ್ಲೇ ನಿಂತು, ಕಾರ್ಮಿಕರ ಪರವಾಗಿ ಪ್ರತಿ ತೂಕವನ್ನೂ ನೋಡಿ ಬರೆದುಕೊಳ್ಳುವವನು ಈತ. ಆರಿಸುತ್ತಿದ್ದವರೂ ಸಂಬಳ ಕೊಡುತ್ತಿದ್ದವರೂ ಕಾರ್ಮಿಕರೇ.

ಇಂಥವನೊಬ್ಬ ಯಾಕೆ ಬೇಕಾಯಿತು? ಕಲ್ಲಿದ್ದಲು ಕಡಿಯುವವನಿಗೆ ದಿನಗೂಲಿ ಇರಲಿಲ್ಲ, ಕಡಿದಷ್ಟಕ್ಕೆ ಕೂಲಿ. ಕಲ್ಲಿದ್ದಲು ತುಂಬಿದ ಪ್ರತಿ ಟಬ್ಬಿಗೂ (ಸಣ್ಣ ಸಾಗಣೆ ಗಾಡಿಗೂ) ಅವನು ತನ್ನ ಗುರುತಿನ ಬಿಲ್ಲೆ ಕಟ್ಟಿ ಕಳಿಸುತ್ತಿದ್ದ. ಆಮೇಲೆ ಆ ಟಬ್ ನೂರಾರು ಅಡಿ ಮೇಲೆ, ಅವನ ಕಣ್ಣಿಗೆ ಬೀಳದ ಕಡೆ ತೂಕವಾಗುತ್ತಿತ್ತು. ಮೋಸಕ್ಕೆ ದಾರಿ ಹಲವು. ಖಾಲಿ ಟಬ್ಬಿನ ತೂಕವನ್ನು ಹೆಚ್ಚಾಗಿ ಹಿಡಿದರೆ ಪ್ರತಿ ಸಲವೂ ಅಷ್ಟು ಕಲ್ಲಿದ್ದಲು ಲೆಕ್ಕದಿಂದ ಮಾಯ. ಒಂದು ಟಬ್ಬಿಗೆ 28 ಪೌಂಡ್ ಕಡಿಮೆ ಬರೆದರೂ 40 ಟಬ್ ಆಗುವಷ್ಟರಲ್ಲಿ 1,120 ಪೌಂಡ್, ಅಂದರೆ ಅರ್ಧ ಟನ್ ದುಡಿಮೆ ಪುಕ್ಕಟೆ ಹೋಗುತ್ತದೆ. ಕಲ್ಲು ಹೆಚ್ಚು ಸೇರಿದೆ, ತೂಕ ಸಾಲದು ಎಂದು ಟಬ್ಬನ್ನು ಪಕ್ಕಕ್ಕೆ ತೆಗೆದರಂತೂ ಇಡೀ ಟಬ್ಬಿಗೆ ಕಾಸು ಸಿಗುತ್ತಿರಲಿಲ್ಲ. ಆ ಕಲ್ಲಿದ್ದಲು ಮಾತ್ರ ಮಾಲೀಕನ ರಾಶಿಗೇ ಸೇರುತ್ತಿತ್ತು. ಎಣ್ಣೆದೀಪದ ಮಂಕು ಬೆಳಕಿನಲ್ಲಿ, ಮೊಣಕಾಲೂರಿ ಕಡಿಯುವವನು ಕಲ್ಲನ್ನೆಲ್ಲ ಆರಿಸಿ ತೆಗೆಯುವುದು ಆಗದ ಮಾತು. ಸೌತ್ ವೇಲ್ಸ್‌ನಲ್ಲಿ ಇನ್ನೊಂದು ಬಗೆ: ಜರಡಿಯಲ್ಲಿ ಕೆಳಗೆ ಉದುರಿದ ಸಣ್ಣ ಕಲ್ಲಿದ್ದಲಿಗೆ ಕೂಲಿಯೇ ಇಲ್ಲ, ಮಾಲೀಕರು ಮಾತ್ರ ಅದನ್ನೂ ಮಾರುತ್ತಿದ್ದರು.

1844ರ ಏಪ್ರಿಲ್‌ನಲ್ಲಿ ಉತ್ತರ ಇಂಗ್ಲೆಂಡಿನ ಡರಮ್ ಮತ್ತು ನಾರ್ತಂಬರ್‌ಲ್ಯಾಂಡ್‌ನ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದಾಗ ನ್ಯಾಯವಾದ ತೂಕದ ಮೇಲೆ ಕೂಲಿ ಕೊಡಿ ಎಂಬುದೂ ಅವರ ಬೇಡಿಕೆಯಾಗಿತ್ತು. ವಸತಿ ಗಣಿಯದ್ದೇ ಆದ್ದರಿಂದ ಕುಟುಂಬಗಳನ್ನು ಪಾತ್ರೆಪಡಗ ಸಮೇತ ಬೀದಿಗೆ ಹಾಕಿದರು. ಮುಷ್ಕರನಿರತರಿಗೆ ಸಾಲ ಕೊಡಬೇಡಿ ಎಂದು ಅಲ್ಲಿನ ದೊಡ್ಡ ಗಣಿ ಮಾಲೀಕ ಲಾರ್ಡ್ ಲಂಡನ್‌ಡೆರಿ ಸೀಹ್ಯಾಮ್ ಪಟ್ಟಣದ ಅಂಗಡಿಯವರನ್ನು ಬೆದರಿಸಿದ. ಹೊರಗಿನಿಂದ ಆಳುಗಳನ್ನು ತಂದರು. ಸುಮಾರು ನಾಲ್ಕು ತಿಂಗಳು ತಡೆದುಕೊಂಡ ಕಾರ್ಮಿಕರು ಹಸಿವಿಗೆ ಮಣಿದು ಒಳಗೆ ಇಳಿಯಬೇಕಾಯಿತು.

ಕಾನೂನು ಬಂದದ್ದು 1860ರಲ್ಲಿ. ಕಾರ್ಮಿಕರು ತಮ್ಮ ಖರ್ಚಿನಲ್ಲಿ ಚೆಕ್‌ವೇಮನ್ ಇಟ್ಟುಕೊಳ್ಳಲು ಆ ಕಾಯ್ದೆ ಅವಕಾಶ ಕೊಟ್ಟಿತು, ಆದರೆ ಅವನು ಅದೇ ಗಣಿಯ ಕೆಲಸಗಾರನಾಗಿರಬೇಕಿತ್ತು. ಮಾಲೀಕರು ಆ ಒಂದು ಮಾತನ್ನೇ ಹಿಡಿದರು. ಆರಿಸಿದವನನ್ನು ಕೆಲಸದಿಂದ ತೆಗೆದರೆ ಮುಗಿಯಿತು, ಅವನಿಗೆ ಅರ್ಹತೆಯೇ ಉಳಿಯದು! ಯಾರ್ಕ್‌ಷೈರ್‌ನ ಬಾರ್ನ್ಸ್ಲಿ ಬಳಿಯ ಗಣಿಯೊಂದರಲ್ಲಿ ಜಾನ್ ನಾರ್ಮನ್‌ಸೆಲ್ ಎಂಬವರ ಆಯ್ಕೆ ಹೀಗೇ ಜಗಳವಾಗಿ ನ್ಯಾಯಾಲಯದ ಮೆಟ್ಟಿಲೇರಿತು. 1872 ಮತ್ತು 1887ರ ಕಾಯ್ದೆಗಳು ಹಕ್ಕನ್ನು ಗಟ್ಟಿ ಮಾಡಿದವು. ಬಹುಮತದಿಂದ ಆರಿಸಿದವನ ಸಂಬಳಕ್ಕೆ, ತೂಕದ ಮೇಲೆ ಕೂಲಿ ಪಡೆಯುವ ಎಲ್ಲರಿಂದಲೂ ಪಾಲು ವಸೂಲಿ ಮಾಡಲು ದಾರಿಯಾಯಿತು.

ಅವನ ದಿನದ ಕೆಲಸ ಇಷ್ಟು: ಯಂತ್ರ ಸರಿಯಾಗಿದೆಯೇ ಎಂದು ತೂಕದ ಬಟ್ಟುಗಳನ್ನಿಟ್ಟು ನೋಡುವುದು, ಖಾಲಿ ಟಬ್‌ಗಳನ್ನು ಆಗಾಗ ತೂಗಿಸುವುದು (ಒದ್ದೆಯಾದರೆ, ತಳದಲ್ಲಿ ಪುಡಿ ಅಂಟಿದರೆ, ರಿಪೇರಿಯಾದರೆ ಅವುಗಳ ತೂಕ ಬದಲಾಗುತ್ತದೆ), ಬಿಲ್ಲೆಯ ನಂಬರಿನ ಎದುರು ತೂಕ ಬರೆಯುವುದು, ಕಲ್ಲಿಗೆಂದು ಎಷ್ಟು ಕಳೆದರು ಎಂದು ಗಮನಿಸುವುದು. ಗಣಿಯ ಕೆಲಸಕ್ಕೆ ಅವನು ಅಡ್ಡಿ ಮಾಡುವಂತಿರಲಿಲ್ಲ. ಮಾಡಿದರೆ ಮಾಲೀಕ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ಅವನನ್ನು ತೆಗೆಸಬಹುದಿತ್ತು.

ಸಂಘಗಳು ಬೇರುಬಿಟ್ಟದ್ದು ಈ ಹುದ್ದೆಯ ಆಸರೆಯಲ್ಲಿ ಎಂದರೆ ಹೆಚ್ಚಿನ ಮಾತಲ್ಲ. ಓದುಬರಹ, ಲೆಕ್ಕ ಬಲ್ಲವನು, ಎಲ್ಲರ ಕೂಲಿಯ ವಿವರ ತಿಳಿದವನು, ಅನ್ನಕ್ಕಾಗಿ ಮಾಲೀಕನ ಮುಖ ನೋಡಬೇಕಿಲ್ಲದವನು. ನಾಯಕತ್ವ ತಾನಾಗಿ ಅವನ ಹೆಗಲಿಗೆ ಬರುತ್ತಿತ್ತು. ನಾರ್ಮನ್‌ಸೆಲ್ ಸೌತ್ ಯಾರ್ಕ್‌ಷೈರ್ ಗಣಿ ಕಾರ್ಮಿಕರ ಸಂಘದ ಕಾರ್ಯದರ್ಶಿಯಾದರು. ಡರಮ್ ಸೀಮೆಯ ಪೀಟರ್ಲೀ ಪಟ್ಟಣಕ್ಕೆ ಹೆಸರು ಕೊಟ್ಟ ಪೀಟರ್ ಲೀ ಕೂಡ ಚೆಕ್‌ವೇಮನ್ ಆಗಿದ್ದವರೇ.