20 ಬೈಟಿನ ಬ್ಯಾಕಪ್

ಬ್ಯಾಕಪ್ ಫೋಲ್ಡರ್ ತೆರೆದಾಗ ಕಡತಗಳ ಹೆಸರಿಗಿಂತ ಮೊದಲು ಗಾತ್ರದ ಕಾಲಂ ನೋಡಿ. ಒಂದರ ಕೆಳಗೊಂದು 20 ಬೈಟ್, 20 ಬೈಟ್ ಎಂದಿದ್ದರೆ ಅಷ್ಟೂ ದಿನ ಬ್ಯಾಕಪ್ ಆಗಿಲ್ಲ. ಖಾಲಿ ಇನ್‌ಪುಟ್ ಕೊಟ್ಟರೂ, ಕಡತವನ್ನು ಕುಗ್ಗಿಸುವ ಜಿಜಿಪ್ ತಂತ್ರಾಂಶ 20 ಬೈಟಿನ ಕಡತವೊಂದನ್ನು ಮಾಡಿಯೇ ಮಾಡುತ್ತದೆ. ಹೆಸರಿನಲ್ಲಿ ತಾರೀಖು ಸರಿಯಾಗಿರುತ್ತದೆ, ದಿನಕ್ಕೊಂದರಂತೆ ಕಡತ ಬಂದಿರುತ್ತದೆ, ಒಳಗೆ ಮಾತ್ರ ಒಂದು ಸಾಲೂ ಇರುವುದಿಲ್ಲ.

ಕೋಲಾರದ ಟೊಮ್ಯಾಟೊ ಮಂಡಿಯನ್ನೇ ತೆಗೆದುಕೊಳ್ಳಿ. ಯಾವ ರೈತರು 15 ಕೆಜಿಯ ಎಷ್ಟು ಬಾಕ್ಸ್ ತಂದರು, ಹರಾಜಿನಲ್ಲಿ ಯಾವ ದರಕ್ಕೆ ಹೋಯಿತು, ಸಸಿ ನೆಡುವಾಗ ಕೊಟ್ಟ ಮುಂಗಡ ಎಷ್ಟು ಚುಕ್ತಾ ಆಯಿತು, ಖಾಲಿ ಕ್ರೇಟ್ ಎಷ್ಟು ಬಾಕಿ, ಇವೆಲ್ಲ ಒಳಕೋಣೆಯ ಲಿನಕ್ಸ್ ಕಂಪ್ಯೂಟರಿನ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿದ್ದರೆ ಅದರ ಹೊಣೆ ಪೂರ್ತಿ ನಿಮ್ಮದು. ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಗಾಗಲಿ, ತಿಪಟೂರಿನ ಕೊಬ್ಬರಿ ಅಂಗಡಿಗಾಗಲಿ ಮಾತು ಇದೇ. ಹಾಳಾದ ಡಿಸ್ಕಿಗೆ ಹೊಸದು ಸಿಗುತ್ತದೆ. ರೈತರ ಬಾಕಿ ಲೆಕ್ಕ ಅಂಗಡಿಯಲ್ಲಿ ಸಿಗುವುದಿಲ್ಲ.

ಮೊದಲು, ಮಾಡಬಾರದ್ದು. ಸರ್ವರ್ ಓಡುತ್ತಿರುವಾಗಲೇ ಡೇಟಾಬೇಸಿನ ಫೋಲ್ಡರನ್ನು ಪೆನ್‌ಡ್ರೈವಿಗೆ ಎಳೆದುಹಾಕಬೇಡಿ. ನಕಲಾಗುವ ಹತ್ತು ನಿಮಿಷದಲ್ಲಿ ಒಂದು ಕಡತ ಹತ್ತು ಗಂಟೆಯ ಸ್ಥಿತಿಯಲ್ಲಿರುತ್ತದೆ, ಇನ್ನೊಂದು ಹತ್ತೂ ಹತ್ತರ ಸ್ಥಿತಿಯಲ್ಲಿ. ಎರಡಕ್ಕೂ ತಾಳೆಯಾಗದೆ, ಮರಳಿ ಹಾಕಿದಾಗ ಸರ್ವರ್ ಶುರುವಾಗಲು ಒಪ್ಪದೆಯೂ ಇರಬಹುದು. ಇದಕ್ಕಿರುವ ಉಪಕರಣ ಮೈಎಸ್‌ಕ್ಯೂಎಲ್‌ಡಂಪ್. ಡೇಟಾಬೇಸಿನಲ್ಲಿರುವುದನ್ನು ಅದು ಒಂದು ಪಠ್ಯ ಕಡತವಾಗಿ ಬರೆದುಕೊಡುತ್ತದೆ, ಆ ಕಡತವೇ ಡಂಪ್. ಅದಕ್ಕೆ ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆ ಕೊಟ್ಟರೆ ಬಿಲ್ಲಿಂಗ್ ನಿಲ್ಲಿಸದೆ ಒಂದೇ ಕ್ಷಣದ ಚಿತ್ರ ಸಿಗುತ್ತದೆ. ಆದರೆ ಇದು ಇನ್ನೊಡಿಬಿ ಎಂಬ ಎಂಜಿನ್ (ಟೇಬಲ್‌ನ ಮಾಹಿತಿಯನ್ನು ಡಿಸ್ಕಿನಲ್ಲಿ ಇಟ್ಟು ತೆಗೆಯುವ ಭಾಗ) ಬಳಸುವ ಟೇಬಲ್‌ಗಳಿಗೆ ಮಾತ್ರ. ಮೈಎಸ್‌ಕ್ಯೂಎಲ್‌ನ 2010ರ 5.5 ಆವೃತ್ತಿಯಿಂದ ಇನ್ನೊಡಿಬಿಯೇ ತಾನಾಗಿ ಬರುವ ಎಂಜಿನ್ ಆದರೂ ಅದಕ್ಕೂ ಹಳೆಯ ತಂತ್ರಾಂಶದಲ್ಲಿ ಮೈಐಸಾಮ್ ಎಂಬ ಹಿಂದಿನ ಎಂಜಿನ್‌ನ ಟೇಬಲ್‌ಗಳು ಉಳಿದಿರಬಹುದು. ಪ್ರತಿ ಟೇಬಲ್‌ನ ಎಂಜಿನ್ ಕಾಲಂ ಒಮ್ಮೆ ನೋಡಿ, ಹಳೆಯವಿದ್ದರೆ ವ್ಯಾಪಾರ ಮುಗಿದ ಮೇಲೆ ಲಾಕ್ ಹಾಕಿ ಡಂಪ್ ತೆಗೆಯಿರಿ. ಡೇಟಾಬೇಸಿನೊಳಗೇ ಬರೆದಿಟ್ಟ ಪ್ರೊಸೀಜರ್‌ಗಳಿಗಾಗಿ ರೂಟೀನ್ಸ್, ವೇಳೆಗೆ ಸರಿಯಾಗಿ ಓಡುವ ಕೆಲಸಗಳಿಗಾಗಿ ಈವೆಂಟ್ಸ್ ಆಯ್ಕೆಗಳನ್ನೂ ಸೇರಿಸಿ. ದಾಖಲೆ ಬದಲಾದಾಗ ಓಡುವ ಟ್ರಿಗರ್‌ಗಳು ತಾವಾಗಿ ಬರುತ್ತವೆ, ಇವೆರಡು ಕೇಳಿದರೆ ಮಾತ್ರ ಬರುತ್ತವೆ. ಕಮಿಷನ್ ಲೆಕ್ಕ ಹಾಕುವ ಸ್ಟೋರ್ಡ್ ಪ್ರೊಸೀಜರ್ ಬಿಟ್ಟುಹೋಗಿದ್ದರೆ ಅಂಕಿ ಎಲ್ಲ ಮರಳಿ ಬಂದರೂ ಬಿಲ್ ಮುದ್ರಣವಾಗುವುದಿಲ್ಲ.

ಇನ್ನು ಆ 20 ಬೈಟಿನ ವಿಷಯ. ಡಂಪ್‌ನ ಹೊರಹರಿವನ್ನು ಪೈಪ್ ಮೂಲಕ ಜಿಜಿಪ್‌ಗೆ ಕೊಡುವುದು ಎಲ್ಲರ ರೂಢಿ. ಯಾರೋ ಪಾಸ್‌ವರ್ಡ್ ಬದಲಿಸಿದರು ಎನ್ನಿ, ಡಂಪ್ ಬಾಗಿಲಲ್ಲೇ ನಿಲ್ಲುತ್ತದೆ. ಜಿಜಿಪ್ ತನ್ನ ಕೆಲಸ ಮುಗಿಸಿ ಯಶಸ್ಸಿನ ಸಂಕೇತ ಕೊಡುತ್ತದೆ. ಪೈಪ್‌ನಲ್ಲಿ ಕೊನೆಯ ಆದೇಶದ ಫಲವೇ ಇಡೀ ಸಾಲಿನ ಫಲ ಎಂದು ಆದೇಶಗಳನ್ನು ಓಡಿಸುವ ಶೆಲ್ ಲೆಕ್ಕ ಹಾಕುವುದರಿಂದ ಎಲ್ಲವೂ ಸರಿ ಎಂದೇ ದಾಖಲಾಗುತ್ತದೆ. ಪರಿಹಾರ ಒಂದೇ ಸಾಲು: ಆದೇಶಗಳನ್ನು ಬರೆದಿಟ್ಟ ಕಡತದ, ಅಂದರೆ ಸ್ಕ್ರಿಪ್ಟ್‌ನ ಮೇಲ್ಭಾಗದಲ್ಲಿ, ನಡುವಿನ ಆದೇಶ ಸೋತರೂ ಇಡೀ ಸಾಲು ಸೋತಿತೆಂದು ಎಣಿಸುವ ಪೈಪ್‌ಫೇಲ್ ಆಯ್ಕೆ ಹಾಕಿ, ಸ್ಕ್ರಿಪ್ಟ್ ಬ್ಯಾಷ್ ಎಂಬ ಶೆಲ್‌ನಲ್ಲೇ ಓಡುವಂತೆ ಮೊದಲ ಸಾಲಿನಲ್ಲಿ ಬರೆಯಿರಿ. ನಿಗದಿತ ವೇಳೆಗೆ ಕೆಲಸ ಓಡಿಸುವ ವ್ಯವಸ್ಥೆ ಕ್ರಾನ್. ಉಬುಂಟು ಲಿನಕ್ಸ್‌ನಲ್ಲಿ ಅದು ಬಳಸುವ ಶೆಲ್ ಬ್ಯಾಷ್ ಅಲ್ಲ, ಹಾಗಾಗಿ ಇದನ್ನು ಬರೆಯದೆ ಬಿಡುವಂತಿಲ್ಲ.

ಕ್ರಾನ್‌ನಲ್ಲಿ ಎಡವುವ ಜಾಗ ಇನ್ನೊಂದಿದೆ. ಕಡತದ ಹೆಸರಿಗೆ ತಾರೀಖು ಸೇರಿಸಲು ಕ್ರಾನ್ ಸಾಲಿನಲ್ಲೇ % ಚಿಹ್ನೆ ಬರೆದರೆ ಕ್ರಾನ್ ಅದನ್ನು ಹೊಸ ಸಾಲು ಎಂದು ಓದಿ, ಅಲ್ಲಿಗೇ ಆದೇಶವನ್ನು ಕತ್ತರಿಸುತ್ತದೆ. ಕೈಯಲ್ಲಿ ಓಡಿಸಿದಾಗ ಚೆನ್ನಾಗಿ ನಡೆದದ್ದು ರಾತ್ರಿ ನಡೆಯದಿರಲು ಇದೊಂದು ದೊಡ್ಡ ಕಾರಣ. ತಾರೀಖಿನ ಭಾಗ ಸ್ಕ್ರಿಪ್ಟ್ ಒಳಗಿರಲಿ, ಕ್ರಾನ್ ಆ ಸ್ಕ್ರಿಪ್ಟನ್ನು ಪೂರ್ಣ ವಿಳಾಸದಿಂದ ಕರೆಯಲಿ.

ವೇಳೆಯನ್ನೂ ಕಣ್ಣುಮುಚ್ಚಿ ರಾತ್ರಿ 2 ಗಂಟೆ ಎಂದಿಡಬೇಡಿ. ಡೇಟಾ ಸೆಂಟರಿಗೆ ಅದು ಸರಿ. ಸಂಜೆ ಲೆಕ್ಕ ಮುಗಿಸಿ ಮೈನ್ ಸ್ವಿಚ್ ಆರಿಸಿ ಹೋಗುವ ಮಂಡಿಯಲ್ಲಿ ಆ 2 ಗಂಟೆ ಬರುವುದೇ ಇಲ್ಲ. ಲೆಕ್ಕ ಮುಗಿಯುವ ಹೊತ್ತಿಗೆ ಓಡುವಂತೆ ಇಡಿ. ಕ್ರಾನ್ ಬದಲು ಲಿನಕ್ಸ್‌ನ ಸಿಸ್ಟಮ್‌ಡಿ ಟೈಮರ್ ಬಳಸುವವರು ಪರ್ಸಿಸ್ಟೆಂಟ್ ಆಯ್ಕೆ ಹಾಕಿದರೆ, ತಪ್ಪಿದ ಸರದಿ ಮರುದಿನ ಯಂತ್ರ ಹೊತ್ತಿದ ಕೂಡಲೇ ನಡೆಯುತ್ತದೆ.

ಮುಗಿದ ಡಂಪ್‌ನ ಕೊನೆಯ ಸಾಲಿನಲ್ಲಿ ಡಂಪ್ ಕಂಪ್ಲೀಟೆಡ್ ಎಂಬ ಒಕ್ಕಣೆ ಇರುತ್ತದೆ. ಅದಿಲ್ಲದಿದ್ದರೆ ನಡುವೆ ಡಿಸ್ಕ್ ತುಂಬಿತು ಅಥವಾ ಕರೆಂಟ್ ಹೋಯಿತು ಎಂದರ್ಥ. ಸ್ಕ್ರಿಪ್ಟ್ ಆ ಸಾಲನ್ನು ಹುಡುಕಲಿ, ಗಾತ್ರವನ್ನು ನಿನ್ನೆಯದರೊಂದಿಗೆ ಹೋಲಿಸಲಿ. ಮಂಡಿಯ ಲೆಕ್ಕ ದಿನದಿಂದ ದಿನಕ್ಕೆ ಬೆಳೆಯುತ್ತದೆಯೇ ಹೊರತು ಕುಗ್ಗುವುದಿಲ್ಲ. ನಿನ್ನೆಗಿಂತ ಕಡಿಮೆ ಬಂದರೆ ಯಾರಾದರೂ ಎದ್ದು ನೋಡಲೇಬೇಕು. ಸಂದೇಶ ಕೂಡ ತಪ್ಪಾದಾಗ ಮಾತ್ರವಲ್ಲ, ಸರಿಯಾದಾಗಲೂ ದಿನಾ ಬರಲಿ. ಬಾರದ ದಿನವೇ ಎಚ್ಚರಿಕೆ ಎನ್ನುವ ಈ ಕ್ರಮ ಒಂದಿಷ್ಟು ಕಿರಿಕಿರಿ ಕೊಟ್ಟರೂ ಇದಕ್ಕಿಂತ ನಂಬಿಕೆಯದ್ದು ಇಲ್ಲ.

ಇದು ಸಣ್ಣವರ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. 2017ರ ಜನವರಿ 31ರಂದು ತಂತ್ರಾಂಶದ ಕೋಡ್ ಇಡುವ ಜಾಲತಾಣ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡೇಟಾ ಫೋಲ್ಡರ್ ಅಳಿಸಲು ಆದೇಶ ಕೊಟ್ಟರು. ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ನೋಡಲು ಹೋದರೆ ಅಲ್ಲಿ ಏನೂ ಇರಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಡಂಪ್ ಉಪಕರಣ 9.2. ಆವೃತ್ತಿ ಹೊಂದದೆ ಪ್ರತಿದಿನವೂ ಸೋಲುತ್ತಿತ್ತು. ಸೋತದ್ದನ್ನು ತಿಳಿಸುವ ಇಮೇಲ್‌ಗಳು ಕಳುಹಿಸುವವರ ದೃಢೀಕರಣವಿಲ್ಲದ ಕಾರಣ ತಿರಸ್ಕೃತವಾಗುತ್ತಿದ್ದವು. ಬೇರೊಂದು ಕೆಲಸಕ್ಕೆಂದು 6 ಗಂಟೆ ಮೊದಲು ಕೈಯಾರೆ ತೆಗೆದಿದ್ದ ಡಿಸ್ಕ್ ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಸಂದೇಶ ಕಳುಹಿಸುವ ವ್ಯವಸ್ಥೆಯನ್ನೂ ಆಗಾಗ ಬೇಕೆಂದೇ ಕೆಡಿಸಿ ನೋಡಬೇಕು ಎನ್ನುವುದಕ್ಕೆ ಇಷ್ಟು ಸಾಕು.

ಕನ್ನಡದಲ್ಲಿ ಹೆಸರು ಬರೆದಿಡುವವರಿಗೆ ಬೇರೆಯದೇ ಒಂದು ಅಪಾಯ ಕಾದಿರುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಕೋಲಾರ’ ಎಂದರೆ ಕ, ಓತ್ವ, ಲ, ದೀರ್ಘ, ರ, ಹೀಗೆ 5 ಸಂಕೇತ, 15 ಬೈಟ್. ಮೈಎಸ್‌ಕ್ಯೂಎಲ್ 5.7ರವರೆಗೆ ತಾನಾಗಿ ಬರುತ್ತಿದ್ದ ಅಕ್ಷರಗಣ ಕನ್ನಡವಿಲ್ಲದ ಲ್ಯಾಟಿನ್1, 8.0ರಿಂದ ಪೂರ್ತಿ ಯುಟಿಎಫ್-8 ಆದ ಯುಟಿಎಫ್8ಎಂಬಿ4. ಹಳೆಯ ಯಂತ್ರದಲ್ಲಿ ಟೇಬಲ್ಲೂ ಸಂಪರ್ಕವೂ ಎರಡೂ ಲ್ಯಾಟಿನ್1 ಆಗಿದ್ದರೆ, ಹಾಕುವಾಗಿನ ತಪ್ಪನ್ನು ತೆಗೆಯುವಾಗಿನ ತಪ್ಪು ಸರಿಗಟ್ಟಿ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಹೊಸ ಯಂತ್ರಕ್ಕೆ ಡಂಪ್ ಹಾಕಿ ಹೊಸ ಅಕ್ಷರಗಣದಲ್ಲಿ ಓದಿದ ದಿನ ರೈತರ ಹೆಸರುಗಳೆಲ್ಲ ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ‘ಎ’ ಅಕ್ಷರದ ಸಾಲುಗಳಾಗುತ್ತವೆ. ಪ್ರತಿ ಕನ್ನಡ ಸಂಕೇತದ ಮೊದಲ ಬೈಟ್ ಲ್ಯಾಟಿನ್1ರಲ್ಲಿ ಆ ಅಕ್ಷರವೇ ಆಗಿರುವುದು ಅದಕ್ಕೆ ಕಾರಣ.

ಹೆದರಬೇಡಿ, ಬೈಟ್‌ಗಳು ಹಾಗೇ ಇವೆ. ಹಳೆಯ ಯಂತ್ರದಿಂದ ಲ್ಯಾಟಿನ್1 ಎಂದೇ ಹೇಳಿ, ಸ್ಕಿಪ್ ಸೆಟ್ ಚಾರ್‌ಸೆಟ್ ಆಯ್ಕೆಯೊಂದಿಗೆ ಡಂಪ್ ತೆಗೆಯಿರಿ. ಆ ಡಂಪ್‌ನ ಒಂದು ಪ್ರತಿ ಮಾಡಿಕೊಂಡು, ಅದರ ಟೇಬಲ್ ವಿವರಣೆಗಳಲ್ಲಿ ಲ್ಯಾಟಿನ್1 ಇರುವಲ್ಲಿ ಯುಟಿಎಫ್8ಎಂಬಿ4 ಎಂದು ತಿದ್ದಿ, ಅದೇ ಅಕ್ಷರಗಣ ಹೇಳಿ ಹೊಸದಕ್ಕೆ ತುಂಬಿ. ಆದರೆ ಪರದೆಯಲ್ಲಲ್ಲದೆ ಡಂಪ್ ಕಡತದಲ್ಲೇ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಆ ಪ್ರತಿಯಲ್ಲಿ ಅಕ್ಷರಗಳು ಹೋದವು, ಯಾವ ಪರಿವರ್ತನೆಯೂ ಅವನ್ನು ತರುವುದಿಲ್ಲ. ಮೂಲದಲ್ಲಿ ಇನ್ನೂ ಸರಿಯಿದ್ದರೆ ತಕ್ಷಣ ಮತ್ತೊಮ್ಮೆ ತೆಗೆಯಿರಿ. ಹೊಸ ಟೇಬಲ್‌ಗಳಿಗೆ ಬರೀ ಯುಟಿಎಫ್8 ಸಾಕೆನ್ನಬೇಡಿ. ಮೈಎಸ್‌ಕ್ಯೂಎಲ್‌ನ ಆ ಹಳೆಯ ಗಣದಲ್ಲಿ ಹಿಡಿಯುವುದು 3 ಬೈಟ್ ಮಾತ್ರ. ಕನ್ನಡ ಅದರಲ್ಲಿ ಕೂರುತ್ತದೆ, 4 ಬೈಟಿನ ಎಮೋಜಿ ಕೂರುವುದಿಲ್ಲ.

ಡೇಟಾಬೇಸ್ ಜೊತೆಗೆ ಬಿಲ್‌ಗಳ ಸ್ಕ್ಯಾನ್, ಪಾಸ್‌ಬುಕ್ ಫೋಟೊ, ತಂತ್ರಾಂಶದ ಕಾನ್ಫಿಗರೇಷನ್ ಕಡತ ಇವೂ ಬೇಕು. ಮೊದಲು ಡಂಪ್, ನಂತರ ಕಡತಗಳು. ಹಾಗೆ ಮಾಡಿದರೆ ನಡುವೆ ಬಂದ ಒಂದೆರಡು ಫೋಟೊ ಹೆಚ್ಚಾಗಿ ಸೇರಬಹುದು, ತೊಂದರೆಯಿಲ್ಲ. ತಿರುಗಿಸಿ ಮಾಡಿದರೆ ಡೇಟಾಬೇಸ್ ಹೇಳುವ ಫೋಟೊ ನಕಲಿನಲ್ಲಿ ಇಲ್ಲವಾಗಬಹುದು.

ಎಲ್ಲಿಡಬೇಕು? ಸರ್ವರಿನಲ್ಲಿರುವುದು ಸೇರಿ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೋರ್ಗ್‌ನಲ್ಲಿ ಸರ್ವರ್‌ಗಳನ್ನು ಬಾಡಿಗೆಗೆ ಕೊಡುವ ಒವಿಎಚ್ ಸಂಸ್ಥೆಯ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪನ್ನೂ ಅದೇ ಆವರಣದಲ್ಲಿಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಒಂದೇ ಮಾಹಿತಿಯನ್ನು ಎರಡರಲ್ಲೂ ಬರೆಯುವ ರೇಡ್ ಡಿಸ್ಕ್ ಜೋಡಿ ಬ್ಯಾಕಪ್ ಅಲ್ಲ. ತಪ್ಪಾಗಿ ಅಳಿಸಿದ್ದು ಎರಡೂ ಡಿಸ್ಕಿನಲ್ಲಿ ಅದೇ ಕ್ಷಣ ಅಳಿಯುತ್ತದೆ. ಸದಾ ಸಿಕ್ಕಿಸಿಯೇ ಇರುವ ಹಾರ್ಡ್‌ಡಿಸ್ಕಿಗೆ, ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ರ‍್ಯಾನ್ಸಮ್‌ವೇರ್ ಸರ್ವರಿನೊಂದಿಗೇ ಬೀಗ ಹಾಕುತ್ತದೆ. ಸಾಧ್ಯವಾದರೆ ಸರ್ವರ್ ಕಳುಹಿಸುವುದರ ಬದಲು ಇನ್ನೊಂದು ಯಂತ್ರವೇ ಬಂದು ಎಳೆದುಕೊಳ್ಳಲಿ. ಆಗ ಸರ್ವರಿಗೆ ನುಗ್ಗಿದವನ ಕೈಗೆ ನಕಲಿನ ಕೀಲಿ ಸಿಗುವುದಿಲ್ಲ. ಹೊರಗೆ ಕಳುಹಿಸುವ ಮುನ್ನ, ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿ, ಒಳಗೆ ರೈತರ ಬ್ಯಾಂಕ್ ಖಾತೆ ಸಂಖ್ಯೆಗಳಿವೆ. ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಬಳಸಿದರೆ ಅದು ತಾನೇ ಮಾಡುತ್ತದೆ. ಅಪ್‌ಲೋಡ್ ವೇಗ 5 ಎಂಬಿಪಿಎಸ್ ಇದ್ದರೆ 500 ಎಂಬಿಗೆ ಹೆಚ್ಚುಕಡಿಮೆ ಕಾಲು ಗಂಟೆ, ಅದಕ್ಕೇನೂ ಅಂಜಬೇಕಿಲ್ಲ.

ದಿನದವು 7, ವಾರದವು 4, ತಿಂಗಳವು 12 ಉಳಿಸಿಕೊಳ್ಳಿ. ಜೂನ್‌ನಲ್ಲಿ ಅಳಿಸಿಹೋದ ಖಾತೆ ಬೆಳೆ ಮುಗಿಸಿ ರೈತರು ಚುಕ್ತಾಕ್ಕೆ ಬಂದಾಗ ಗೊತ್ತಾಗುತ್ತದೆ. ಒಂದು ವಾರದ ಪ್ರತಿಗಳು ಅಷ್ಟು ಹಿಂದಕ್ಕೆ ಹೋಗುವುದಿಲ್ಲ.

ಮೂರು ತಿಂಗಳಿಗೊಮ್ಮೆ ಮರುಸ್ಥಾಪನೆ ಮಾಡಿ ನೋಡಿ, ಅದೂ ಬೇರೆ ಯಂತ್ರದಲ್ಲೇ. ಡಂಪ್ ತೆಗೆಯುವಾಗ ಡೇಟಾಬೇಸಸ್ ಆಯ್ಕೆ ಬಳಸಿದ್ದರೆ ಕಡತದೊಳಗೇ ಯಾವ ಡೇಟಾಬೇಸಿಗೆ ಹೋಗಬೇಕೆಂಬ ಆದೇಶ ಇರುತ್ತದೆ. ಅಸಲಿ ಸರ್ವರಿನಲ್ಲೇ ನೀವು ಪರೀಕ್ಷೆಗೆಂದು ಬೇರೆ ಹೆಸರು ಕೊಟ್ಟರೂ ಅದು ಅಸಲಿ ಹೆಸರಿನ ಟೇಬಲ್‌ಗಳನ್ನು ಕಿತ್ತು ಹಳೆಯದನ್ನು ಕೂರಿಸುತ್ತದೆ. ಪರೀಕ್ಷೆ ಮಾಡಲು ಹೋಗಿ ಇವತ್ತಿನ ವ್ಯಾಪಾರ ಅಳಿಸಿಹೋಗುವುದು ಹೀಗೆ. ತುಂಬಿದ ಮೇಲೆ ಕೊನೆಯ ಬಿಲ್ ಸಂಖ್ಯೆ, ಒಂದು ನಿರ್ದಿಷ್ಟ ದಿನದ ಒಟ್ಟು ಬಾಕ್ಸ್, ಒತ್ತಕ್ಷರ ಇರುವ ಐದು ಹೆಸರು, ಒಂದು ಸ್ಕ್ಯಾನ್ ಬಿಲ್ ತಾಳೆ ನೋಡಿ. ಎಷ್ಟು ನಿಮಿಷ ಹಿಡಿಯಿತು ಎಂದು ಗಡಿಯಾರ ನೋಡಿ ಬರೆದಿಡಿ.

ನಡುಹಗಲಲ್ಲಿ ಅನಾಹುತವಾದರೆ, ಡೇಟಾಬೇಸಿನ ಪ್ರತಿ ಬದಲಾವಣೆಯನ್ನೂ ಬರೆದಿಡುವ ಬೈನರಿ ಲಾಗ್ ನೆರವಾಗುತ್ತದೆ. ಮೈಎಸ್‌ಕ್ಯೂಎಲ್ 8.0ರಲ್ಲಿ ಅದು ತಾನಾಗಿ ಚಾಲೂ ಇದ್ದು 30 ದಿನ ಉಳಿಯುತ್ತದೆ, ಅದರಿಂದ ಕವಲೊಡೆದ ಮರಿಯಾಡಿಬಿಯಲ್ಲಿ ನೀವೇ ಚಾಲೂ ಮಾಡಬೇಕು. ಡಂಪ್‌ಗೆ ಸೋರ್ಸ್ ಡೇಟಾ 2 ಎಂಬ ಆಯ್ಕೆ ಕೊಟ್ಟಿದ್ದರೆ (ಹಳೆಯ ಆವೃತ್ತಿಗಳಲ್ಲಿ ಮಾಸ್ಟರ್ ಡೇಟಾ 2) ಲಾಗ್‌ನಲ್ಲಿ ಎಲ್ಲಿಂದ ಶುರುಮಾಡಬೇಕೆಂಬ ಗುರುತು ಕಡತದ ಮೇಲ್ಭಾಗದಲ್ಲೇ ಇರುತ್ತದೆ. ಬೆಳಿಗ್ಗೆ 11:20ಕ್ಕೆ ಯಾರೋ ಖಾತೆ ಟೇಬಲ್ ಅಳಿಸಿದರು ಎನ್ನಿ. ಮೊದಲು ಬಿಲ್ಲಿಂಗ್ ನಿಲ್ಲಿಸಿ, ಕೌಂಟರಿನಲ್ಲಿ ಕೈಬರಹದ ಚೀಟಿ ಶುರುವಾಗಲಿ. ಮೈಎಸ್‌ಕ್ಯೂಎಲ್ ಸೇವೆ ನಿಲ್ಲಿಸಿ, ಕೆಟ್ಟ ಸ್ಥಿತಿಯ ಫೋಲ್ಡರನ್ನೂ ಲಾಗ್‌ಗಳನ್ನೂ ಹಾಗೇ ಒಂದು ನಕಲು ಮಾಡಿಕೊಳ್ಳಿ. ಸೇವೆ ಮತ್ತೆ ಎಬ್ಬಿಸಿ ನಿನ್ನೆಯ ಡಂಪ್ ತುಂಬಿ, ಲಾಗನ್ನು ಆ ಗುರುತಿನಿಂದ 11:19ರವರೆಗೆ ಮಾತ್ರ ಓಡಿಸಿ. ಕೊನೆಯ ಬಿಲ್ ಸಂಖ್ಯೆಯನ್ನು ಮುದ್ರಿತ ಪ್ರತಿಯೊಂದಿಗೆ ತಾಳೆ ಹಾಕಿ, ಚೀಟಿಗಳನ್ನು ಒಂದೊಂದಾಗಿ ದಾಖಲಿಸಿ, ಆಮೇಲೆ ಕೌಂಟರ್ ತೆರೆಯಿರಿ. ಈ ಕ್ರಮವನ್ನೂ ಎನ್‌ಕ್ರಿಪ್ಷನ್ ಪಾಸ್‌ವರ್ಡನ್ನೂ ಕಾಗದದಲ್ಲಿ ಬರೆದು, ಸರ್ವರ್ ಇರುವ ಕೋಣೆಯಲ್ಲಲ್ಲ, ಮನೆಯ ಬೀರುವಿನಲ್ಲಿಡಿ.